ಕಾಮಿಕ್ಸಿಗೆ ಬಿದ್ದ ಇಸ್ತ್ರಿ

“ನೀನು ಚಿತ್ರ ಬರಿ, ಅಷ್ಟೇ! ಮಿಕ್ಕಿದ್ದೆಲ್ಲ ಈ ಕೈಗೆ ಬಿಡು!”

ಹೀಗೆಂದು ಗರಿಗರಿ ತನ್ನ ಬಲಗೈಯನ್ನು ಸೇನಾಪತಿಯ ಹಾಗೆ ಮೇಲೆತ್ತಿದ. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ಅದೂ ಹೌದೆನ್ನುವಂತೆ ಬುಸ್ಸೆಂದು ಹಬೆ ಬಿಟ್ಟಿತು. ಹೆಂಡತಿ ಹಿಂದೆ ಸರಿದು ನಿಂತಳು.

“ಆ ಕೈಗೆ ಬಿಡೋದು ಅಂದ್ರೇನೇ ನನಗೆ ಎದೆ ಡವಡವ ಅನ್ನುತ್ತೆ,” ಅಂದಳು.

ಗರಿಗರಿ ಎನ್ನುವುದು ಅವನ ಹೆತ್ತವರು ಇಟ್ಟ ಹೆಸರಲ್ಲ. ಅವನು ಇಸ್ತ್ರಿ ಅಂಗಡಿ ನಡೆಸುತ್ತಿದ್ದ. ಅವನ ಕೈದಾಟಿ ಬಂದ ಅಂಗಿ ತೊಟ್ಟವರು ಕುರ್ಚಿಯಲ್ಲಿ ಕೂತರೆ ಹಪ್ಪಳ ಮುರಿದಂತೆ ಸದ್ದಾಗುತ್ತಿತ್ತು. ಅದಕ್ಕೇ ಓಣಿಯವರೆಲ್ಲ ಸೇರಿ ಈ ಬಿರುದು ಕೊಟ್ಟಿದ್ದರು. ಸುಕ್ಕು ಅಂದರೆ ಅವನಿಗೆ ಹುಟ್ಟು ವೈರಿ. ಮನೆಯ ಪರದೆ, ಕರವಸ್ತ್ರ, ಕಾಲೊರೆಸು ಯಾವುದೂ ಅವನ ಕೈಯಿಂದ ಪಾರಾಗುತ್ತಿರಲಿಲ್ಲ. ಬೆಳಗಿನ ಪೇಪರನ್ನು ಕೂಡ ಇಸ್ತ್ರಿ ಮಾಡಿಯೇ ಓದುತ್ತಿದ್ದ. “ಸುದ್ದಿ ಹೇಗಾದರೂ ಇರಲಿ, ಪೇಪರು ನೆಟ್ಟಗಿರಬೇಕು” ಎನ್ನುವುದು ಅವನ ವಾದ.

ಹೆಂಡತಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಮುಂದಿನ ಮೇಜಿನ ಕೆಲಸ. ಒಳಗಿನಿಂದ “ಆ... ಆ...” ಎನ್ನುವ ಆಲಾಪನೆ, ಹೊರಗೆ ಕೆನ್ನೆ ಹಿಡಿದು ಕೂತವರ ಸಾಲು. ಈ ಎರಡರ ನಡುವೆ ಕೂತು ಅವಳು ವರ್ಷಗಟ್ಟಲೆ ಚೀಟಿಗಳ ಹಿಂಬದಿಯಲ್ಲಿ ಚಿತ್ರಕಥೆ ಬರೆದಿದ್ದಳು. ಬರೆದು ಯಾರಿಗೂ ತೋರಿಸುತ್ತಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಕೋಳಿ ಮೊಟ್ಟೆಯ ಮೇಲೆ ಕೂತಂತೆ ಅದರ ಮೇಲೆ ಎರಡೂ ಕೈ ಚಾಚಿ ಕೂತುಬಿಡುತ್ತಿದ್ದಳು. ಈ ಸಲ ಏನು ಧೈರ್ಯ ಬಂತೋ, ಸ್ವತಂತ್ರ ಕಾಮಿಕ್ಸ್ ಮತ್ತು ವ್ಯಂಗ್ಯಚಿತ್ರಗಳ ಉತ್ಸವದಲ್ಲಿ ಜಾಗ ಕೇಳಿದಳು. ಅವರು ಅರ್ಧ ಮೇಜು ಕೊಟ್ಟರು. ಅರ್ಧ ಮೇಜಿಗೆ ಒಂದು ಇಡೀ ಪುಸ್ತಕ ಬೇಕಲ್ಲ! ಅವಳು ಬರೆದೂ ಬರೆದು ಪುಸ್ತಕ ಮುಗಿಸಿದಳು.

“ನನಗೆ ಗುರುತೇ ಇಲ್ಲದವರು ಒಬ್ಬರು, ಒಬ್ಬರೇ ಸಾಕು, ಅದನ್ನ ಓದಿ ನಗಬೇಕು,” ಅಂದಳು. “ಅದೂ ಕನ್ನಡಿ ಬರೋ ಪುಟದಲ್ಲಿ ನಗಬೇಕು. ನಗಲಿಲ್ಲ ಅಂದ್ರೆ ನನಗಿದು ಬರೋದಿಲ್ಲ ಅಂತ ಅರ್ಥ. ಪೆನ್ನು ಎತ್ತಿಟ್ಟುಬಿಡ್ತೀನಿ.”

“ಅದಕ್ಕೇನಂತೆ, ನಾನೇ ನಗ್ತೀನಿ!”

“ನೀವು ನಕ್ಕರೆ ಲೆಕ್ಕಕ್ಕಿಲ್ಲ ರೀ. ಮದುವೆ ಆದಾಗಿಂದ ನಾನು ಏನು ಹೇಳಿದರೂ ನಗ್ತಾನೇ ಇದ್ದೀರಿ. ಬೈದಾಗಲೂ ನಗ್ತೀರಿ.”

“ಕನ್ನಡಿ ಪುಟದಲ್ಲಿ ಅಂಥದ್ದೇನಿದೆ?”

“ನೋಡಿದ್ರಾ! ಅದೇ ಬೇಡ ಅನ್ನೋದು. ಹೊರಗಿನವರು ಓದೋವರೆಗೆ ನೀವು ಅದನ್ನ ತೆಗೆದು ನೋಡಕೂಡದು. ಆಣೆ ಮಾಡಿ.”

ಗರಿಗರಿ ಇಸ್ತ್ರಿ ಪೆಟ್ಟಿಗೆ ಮುಟ್ಟಿ ಆಣೆ ಮಾಡಿದ. ಪೆಟ್ಟಿಗೆ ಬಿಸಿ ಇದ್ದದ್ದರಿಂದ ಆಣೆ ಬಹಳ ಚುಟುಕಾಗಿತ್ತು.

ಉತ್ಸವದ ಹಿಂದಿನ ದಿನ ಅವಳು ಜೆರಾಕ್ಸ್ ಮಾಡಿಸಿ ತಂದ ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಮಡಿಸಿ, ನಡುವೆ ಪಿನ್ ಹೊಡೆದು ಪುಸ್ತಕ ಮಾಡಿದಳು. ಕೈಯಲ್ಲಿ ಮಡಿಸಿದ ಪುಸ್ತಕಗಳಿಗೆ ಒಂದು ಕೆಟ್ಟ ಚಾಳಿ ಉಂಟು. ಎಷ್ಟು ಒತ್ತಿ ಮಲಗಿಸಿದರೂ ಬಾಯಿ ಮುಚ್ಚುವುದಿಲ್ಲ. ಹಸಿದ ಹಕ್ಕಿಮರಿಗಳ ಹಾಗೆ ಒಂದರ ಪಕ್ಕ ಒಂದು ಬಾಯಿ ಕಳೆದುಕೊಂಡು ಬಿದ್ದಿರುತ್ತವೆ. ಅವಳು ಅವುಗಳ ಮೇಲೆ ಹಿಟ್ಟಿನ ಡಬ್ಬ ಹೇರಿ ಕ್ಲಿನಿಕ್ಕಿಗೆ ಹೋದಳು.

ಊಟಕ್ಕೆಂದು ಮನೆಗೆ ಬಂದ ಗರಿಗರಿ ಈ ದೃಶ್ಯ ಕಂಡ. ಡಬ್ಬದ ಕೆಳಗಿನಿಂದಲೂ ಪುಸ್ತಕಗಳು ಆಕಳಿಸುತ್ತಿದ್ದವು. ಅವನ ವೃತ್ತಿಗೌರವಕ್ಕೆ ಸೂಜಿ ಚುಚ್ಚಿದಂತಾಯಿತು. ಇಡೀ ಊರಿಗೆ ಇಸ್ತ್ರಿ ಮಾಡುವವನ ಹೆಂಡತಿ ಉಬ್ಬಿದ ಪುಸ್ತಕ ಹಿಡಿದುಕೊಂಡು ಉತ್ಸವಕ್ಕೆ ಹೋಗುವುದೇ? ಹೋದರೆ ಜನ ಯಾರನ್ನು ಆಡಿಕೊಳ್ಳುತ್ತಾರೆ? ಅವಳನ್ನಲ್ಲ!

ಪೆಟ್ಟಿಗೆ ಕಾಯಿತು. ಪುಸ್ತಕಗಳ ಮೇಲೊಂದು ಒದ್ದೆ ಬಟ್ಟೆ ಬಿತ್ತು. ಆಣೆಗೆ ಭಂಗ ಬರಬಾರದೆಂದು ಗರಿಗರಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡು, ಕೈಯನ್ನು ಮಾತ್ರ ಮೇಜಿನ ಮೇಲೆ ಓಡಾಡಿಸಿದ. ಒಂದೊಂದು ಪುಸ್ತಕವೂ ಬಾಯಿ ಮುಚ್ಚಿ, ಚಪ್ಪಟೆಯಾಗಿ, ಗಾಜಿನ ಹಾಗೆ ಮಲಗಿತು. ಅಲ್ಲಿಗೇ ಬಿಟ್ಟಿದ್ದರೆ ಅವನು ಗರಿಗರಿ ಹೇಗಾದಾನು? ಅಂಗಡಿಯಿಂದ ರಟ್ಟು, ಪ್ಲಾಸ್ಟಿಕ್ ಚೀಲ ತರಿಸಿ, ಹೊಸ ಅಂಗಿಯ ಹಾಗೆ ಪ್ರತಿ ಪುಸ್ತಕವನ್ನೂ ಕಟ್ಟಿಟ್ಟ.

ಸಂಜೆ ಬಂದ ಹೆಂಡತಿ ಚೀಲಗಳ ಸಾಲು ನೋಡಿ ನಿಂತೇಬಿಟ್ಟಳು. ಅವಳ ಕಣ್ಣಲ್ಲಿ ನೀರು ತುಂಬಿತು.

“ಇದನ್ನೆಲ್ಲ ನೀವೇ ಕಟ್ಟಿದ್ರಾ?”

“ಮತ್ತೆ? ಈ ಕೈಗೆ ಬಿಡು ಅಂತ ಹೇಳಿರಲಿಲ್ವಾ!”

ಕಟ್ಟಿದ್ದು ಹಾಳಾಗಬಾರದೆಂದು ಅವಳು ಒಂದನ್ನೂ ಬಿಚ್ಚಿ ನೋಡಲಿಲ್ಲ. ಅಲ್ಲೇ ಆದದ್ದು ಎಡವಟ್ಟು.

ಉತ್ಸವ ನಡೆದದ್ದು ಒಂದು ಈಜುಕೊಳದಲ್ಲಿ. ಗಾಬರಿಯಾಗಬೇಡಿ, ನೀರಿರಲಿಲ್ಲ. ಮಾಡಿನ ಕೆಳಗಿದ್ದ ದೊಡ್ಡ ಕೊಳವನ್ನು ರಿಪೇರಿಗೆಂದು ಖಾಲಿ ಮಾಡಿದ್ದರು. ರಿಪೇರಿಯವರು ಬರುವಷ್ಟರಲ್ಲಿ ಕಾಮಿಕ್ಸಿನವರು ಬಂದು ಮೇಜು ಹಾಕಿಬಿಟ್ಟಿದ್ದರು. ಎಲ್ಲೆಲ್ಲೂ ನೀಲಿ ಹೆಂಚು. ಜನ ಉಕ್ಕಿನ ಏಣಿ ಹಿಡಿದು ಕೊಳಕ್ಕೆ ಇಳಿಯುತ್ತಿದ್ದರು. ಆಳವಿಲ್ಲದ ಕಡೆ ಮಕ್ಕಳ ಪುಸ್ತಕಗಳು, ಆಳದ ಕಡೆ ಗಂಭೀರ ಪುಸ್ತಕಗಳು. ಅಲ್ಲಿಂದ ಮೇಲೆ ಬಂದವರ ಮುಖವೂ ಮುಳುಗಿ ಎದ್ದವರ ಹಾಗೇ ಇತ್ತು. ನಡುವಿನ ಇಳಿಜಾರಿನಲ್ಲಿ, ಇನ್ನೂ ಎಲ್ಲಿಗೂ ಸೇರದ ಹೊಸಬರು. ಹೆಂಡತಿಯ ಅರ್ಧ ಮೇಜು ಅಲ್ಲಿ.

ಇನ್ನರ್ಧ ಮೇಜು ಉಣ್ಣೆಯ ಟೋಪಿ ಹಾಕಿದ ಒಬ್ಬ ಚಿತ್ರಗಾರನದು. ಅವನ ಪುಸ್ತಕದಲ್ಲಿ ಪುಟಪುಟಕ್ಕೂ ಒಂದೇ ಕಲ್ಲು ಇತ್ತು.

“ಈ ಕಲ್ಲು ಏನು ಮಾಡುತ್ತೆ ಸ್ವಾಮಿ?” ಗರಿಗರಿ ಕೇಳಿದ.

“ಕೂತಿರುತ್ತೆ.”

“ಕೊನೇಲಿ?”

“ಕೊನೇಲೂ ಕೂತಿರುತ್ತೆ.”

“ಅಯ್ಯೋ ಪಾಪ!”

ಟೋಪಿಯವನ ಮುಖ ಅರಳಿತು. “ಅದೇ! ಆ ‘ಅಯ್ಯೋ ಪಾಪ’ಕ್ಕೇ ನಾನು ಬರೆದಿದ್ದು. ಬೆಳಗ್ಗಿಂದ ನೀವೊಬ್ಬರೇ ನೋಡಿ ಅಂದವರು!” ಎಂದು ಗರಿಗರಿಯ ಕೈ ಹಿಡಿದು ಕುಲುಕಿದ. ಗರಿಗರಿಗೆ ತಾನು ಕಲಾರಸಿಕನೆಂಬ ವಿಷಯ ಆಗಲೇ ಗೊತ್ತಾದದ್ದು. ಎದೆ ಉಬ್ಬಿತು.

ಅಷ್ಟರಲ್ಲಿ ಅವರ ಮೇಜಿಗೆ ಮೊದಲ ಗಿರಾಕಿ ಬಂದರು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಹೆಂಗಸು, ಸಮವಸ್ತ್ರದಲ್ಲೇ ಇದ್ದರು. ಯಾರು ಏನು ಹೇಳಿದರೂ ನಂಬಿ ಅಭ್ಯಾಸವಿಲ್ಲದ ಮುಖ. ಚೀಲದಿಂದ ಒಂದು ಪುಸ್ತಕ ತೆಗೆದರು. ತೆರೆಯಲು ನೋಡಿದರು. ತಿರುಗಿಸಿ ಇನ್ನೊಂದು ಕಡೆಯಿಂದ ನೋಡಿದರು. ಉಗುರು ಹಾಕಿದರು.

“ಇದು ಪುಸ್ತಕಾನೋ, ಗೋಡೆಗೆ ಅಂಟಿಸೋ ಹೆಂಚೋ?”

“ಪುಸ್ತಕ ಮೇಡಂ!” ಎಂದು ಹೆಂಡತಿ ನಗುತ್ತ ತೆಗೆದುಕೊಂಡು ತಾನೇ ತೆರೆದಳು. ಚರ್ರ್! ಎಡಪುಟದ ಮುಖ ಬಲಪುಟಕ್ಕೆ ಹೋಗಿತ್ತು. ಬಲಪುಟದ ಮಾತು ಎಡಪುಟಕ್ಕೆ ಬಂದಿತ್ತು, ಅದೂ ಹಿಂದುಮುಂದಾಗಿ. ನಡುವೆ ಒಂದು ಬಿಳಿಯ ಗಾಯ. ಇನ್ನೊಂದನ್ನು ತೆಗೆದಳು. ಮತ್ತೊಂದು. ಎಲ್ಲವೂ ಹಾಗೇ ಅಂಟಿಕೊಂಡು ಕೂತಿದ್ದವು.

ತಪಾಸಣೆಯವರು “ಆಮೇಲೆ ಬರ್ತೀನಿ” ಎಂದು ಮುಂದೆ ಹೋದರು. ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು.

“ಏನು ಮಾಡಿದ್ರಿ?”

“ಏನಿಲ್ಲ ಕಣೇ. ಬಾಯಿ ತೆಗೆದುಕೊಂಡಿದ್ದವು. ಅದಕ್ಕೆ ಸ್ವಲ್ಪ...”

“ಸ್ವಲ್ಪ?”

“ಕಾಟನ್ ಬಟ್ಟೆಗೆ ಇಡ್ತೀವಲ್ಲ, ಅಷ್ಟು ಬಿಸಿ.”

“ನಮ್ಮ ಕಾಮಿಕ್ಸಿಗೆ ಇಸ್ತ್ರಿ ಮಾಡಿದ್ರಾ?”

“ದಿನಾ ಪೇಪರಿಗೆ ಮಾಡ್ತೀನಿ, ಅದಕ್ಕೇನೂ ಆಗಿಲ್ಲ!”

ಟೋಪಿಯವನು ಮೆಲ್ಲಗೆ ಬಾಯಿ ಹಾಕಿದ. “ಪೇಪರಿನದು ಬೇರೆ ಶಾಯಿ. ಜೆರಾಕ್ಸಿನದು ಒಂಥರ ಪುಡಿ ಸಾರ್. ಬಿಸಿಯಿಂದಲೇ ಹಾಳೆಗೆ ಕೂರೋದು. ಮತ್ತೆ ಬಿಸಿ ಕೊಟ್ಟರೆ ಕರಗಿ ಪಕ್ಕದ ಹಾಳೆಗೂ ಕೂತುಬಿಡುತ್ತೆ.”

ಹೆಂಡತಿ ಬೈದಿದ್ದರೆ ಗರಿಗರಿ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಕುರ್ಚಿಯ ಮೇಲೆ ಕೂತು, ಮೇಜುಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಮನೆಗೆ ಹೋಗೋಣ ರೀ” ಅಂದಳು. ಅಷ್ಟೇ. ಆ ಮೂರು ಮಾತಿನಲ್ಲಿ ಪೆನ್ನುಗಳೆಲ್ಲ ಡ್ರಾಯರಿನೊಳಗೆ ಹೋಗಿ ಬೀಗ ಬಿದ್ದ ಸದ್ದು ಗರಿಗರಿಗೆ ಕೇಳಿಸಿತು.

“ಹೋಗೋದಾ? ಬಿಸಿಯಿಂದ ಅಂಟಿದ್ದು ಬಿಸಿಯಿಂದಲೇ ಬಿಡಬೇಕು! ನೀನು ಇಲ್ಲೇ ಕೂತಿರು!”

“ದಯವಿಟ್ಟು ಇನ್ನೇನೂ ಮಾಡಬೇಡಿ...” ಎಂದು ಅವಳು ಹೇಳುವುದರೊಳಗೆ ಅವನು ಪುಸ್ತಕಗಳನ್ನು ಎದೆಗವಚಿಕೊಂಡು ಏಣಿ ಹತ್ತಿಬಿಟ್ಟಿದ್ದ.

ಬಟ್ಟೆ ಬದಲಿಸುವ ಕೋಣೆಗಳ ಮುಂದಿನ ಗೋಡೆಯಲ್ಲಿ, ಈಜಿ ಬಂದವರು ತಲೆ ಒಣಗಿಸಿಕೊಳ್ಳಲೆಂದು, ಬಿಸಿಗಾಳಿ ಊದುವ ಯಂತ್ರ ಇತ್ತು. ಬರುವಾಗಲೇ ಅವನ ಕಣ್ಣು ಅದರ ಮೇಲೆ ಬಿದ್ದಿತ್ತು. ಇಸ್ತ್ರಿಯವನ ಕಣ್ಣಿಗೆ ಬಿಸಿಯಾಗುವ ವಸ್ತು ಯಾವುದೂ ತಪ್ಪುವುದಿಲ್ಲ. ಗುಂಡಿ ಒತ್ತಿದರೆ ಗಾಳಿ ಬರುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಗರಿಗರಿ ಮೊಣಕೈಯಲ್ಲಿ ಗುಂಡಿ ಒತ್ತಿ, ಎರಡೂ ಕೈಯಲ್ಲಿ ಪುಸ್ತಕ ಹಿಡಿದು, ಆಣೆ ನೆನಪಾಗಿ ಕಣ್ಣು ಮುಚ್ಚಿಕೊಂಡು ಪುಟ ಎಳೆದ. ಚರ್ರ್!

ಪಕ್ಕದಲ್ಲಿ ನೋಡುತ್ತ ನಿಂತಿದ್ದ ಮುದುಕರೊಬ್ಬರು, “ಕಣ್ಣು ಬಿಟ್ಟು ಎಳೀಬಾರದೇನಪ್ಪಾ?” ಅಂದರು.

“ಆಣೆ ಮಾಡಿದ್ದೀನಿ ತಾತ!”

“ಹರೀತೀನಿ ಅಂತಾನಾ?”

ಗರಿಗರಿ ಕಣ್ಣು ಬಿಟ್ಟ. ಈ ಸಲ ಪುಟ ಬೆಚ್ಚಗಾಗುವವರೆಗೆ ಕಾದು, ಮೂಲೆಯಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸಿದ. ಬಂತು! ಎದುರು ಪುಟದ ತಿಳಿಯಾದ ನೆರಳು ಉಳಿದಿದ್ದರೂ ಚಿತ್ರ ಚಿತ್ರವಾಗಿತ್ತು, ಮಾತು ಓದುವ ಹಾಗಿತ್ತು. ಓದುವ ಹಾಗಿದ್ದದ್ದನ್ನು ಓದದೆ ಇರುವುದು ಹೇಗೆ? ಅವನು ಓದಿದ.

ಕಥೆಯ ನಾಯಕ ಒಂದು ಇಸ್ತ್ರಿ ಪೆಟ್ಟಿಗೆ! ತುದಿ ಮೇಲೆತ್ತಿದ ಮೀಸೆ ಬೇರೆ. ಜಗತ್ತಿನ ಸುಕ್ಕುಗಳನ್ನೆಲ್ಲ ತೆಗೆಯಲು ತನ್ನನ್ನೇ ಕಳಿಸಿದ್ದಾರೆಂದು ನಂಬಿದ ಪೆಟ್ಟಿಗೆ. ಮೊದಲ ಪುಟದಲ್ಲೇ ಅದು ಮಲಗಿದ್ದ ಬೆಕ್ಕಿಗೆ ಇಸ್ತ್ರಿ ಮಾಡಲು ಹೋಗಿ, ಬೆಕ್ಕಿನ ಗೆರೆಗಳನ್ನು ನೋಡಿ, “ಇದು ಹುಟ್ಟಿನಿಂದಲೇ ಬಂದ ಸುಕ್ಕು” ಎಂದು ತಲೆಯಾಡಿಸುತ್ತಿತ್ತು.

ಗರಿಗರಿ ಹೋ ಎಂದು ನಕ್ಕ.

“ತಾತ, ಇವನು ಯಾರು ಗೊತ್ತಾ? ನಮ್ಮ ಅಂಗಡಿ ಎದುರಿಗೆ ಒಬ್ಬ ಡ್ರೈಕ್ಲೀನಿಂಗಿನವನಿದ್ದಾನೆ. ಥೇಟ್ ಅವನೇ! ಇನ್ನೊಬ್ಬರ ವಿಷಯದಲ್ಲಿ ತಲೆ ಹಾಕದಿದ್ದರೆ ಅವನಿಗೆ ಊಟ ಸೇರಲ್ಲ. ಕೇಳಿ ಇಲ್ಲಿ, ‘ಅತ್ತೆಯ ಹಣೆಯ ಮೇಲೆ ಮೂರು ಗೆರೆ ಕಂಡ ಪೆಟ್ಟಿಗೆ ನೀರು ಚಿಮುಕಿಸುವ ಬಾಟಲಿ ಹುಡುಕಿತು!’”

ತಾತ ನಕ್ಕರು. ಹಿಂದೆ ಯಾರೋ ನಕ್ಕರು. ಗರಿಗರಿ ತಿರುಗಿ ನೋಡಿದರೆ ಸುತ್ತ ಜನ! ಒಬ್ಬ ಅಪರಿಚಿತ, ಮೊಣಕೈಯಲ್ಲಿ ಗೋಡೆ ಒತ್ತಿಕೊಂಡು, ಹೊಗೆಯಾಡುವ ಪುಸ್ತಕವನ್ನು ಕೂಗಿ ಓದುತ್ತಿದ್ದರೆ ಯಾರು ತಾನೇ ನಿಲ್ಲುವುದಿಲ್ಲ? ಕೊರಳಲ್ಲಿ ಬಿಲ್ಲೆ ಹಾಕಿದ ಉತ್ಸವದ ಹುಡುಗಿಯೊಬ್ಬಳು ಓಡಿಬಂದಳು.

“ಸಾರ್, ಈ ಕಾರ್ಯಕ್ರಮ ನಮಗೆ ಯಾರೂ ಹೇಳೇ ಇಲ್ಲ?”

“ನನಗೂ ಹೇಳಿರಲಿಲ್ಲಮ್ಮಾ. ದಿಢೀರನೆ ಆಗೋಯ್ತು.”

“ಎಷ್ಟು ಹೊತ್ತು ನಡೆಯುತ್ತೆ?”

“ಎಲ್ಲ ಬಿಡಿಸಿ ಮುಗಿಯೋವರೆಗೆ.”

ಅವಳು ಹೋದಳು. ಸ್ವಲ್ಪದರಲ್ಲೇ ಇಡೀ ಕೊಳದ ತುಂಬ ಮೈಕಿನ ದನಿ ಮೊಳಗಿತು. “ಬಟ್ಟೆ ಬದಲಿಸುವ ಕೋಣೆಯ ಬಳಿ ಈಗ ಬಿಸಿಗಾಳಿ ಕಥಾವಾಚನ! ಎಲ್ಲರೂ ಬನ್ನಿ!”

ಎಲ್ಲರೂ ಬಂದರು. ಆಳದ ಕಡೆಯ ಗಂಭೀರರೂ ಏಣಿ ಹತ್ತಿ ಬಂದರು. ಗರಿಗರಿ ಪುಟ ಬಿಡಿಸುತ್ತ, ಓದುತ್ತ, ನಡುನಡುವೆ “ಅವನೇ! ಅವನೇ!” ಎನ್ನುತ್ತ ಬೆವರಿದ. ಪೆಟ್ಟಿಗೆ ಬೆಳಗಿನ ಪೇಪರಿಗೆ ಇಸ್ತ್ರಿ ಮಾಡುವ ಜಾಗ ಬಂದಾಗ ಒಂದು ಕ್ಷಣ ತಡೆದ. “ಈ ಬುದ್ಧಿ ಅವನಿಗೆ ನನ್ನಿಂದಲೇ ಬಂದಿರಬೇಕು, ಕಾಪಿ ಹೊಡೆಯೋದರಲ್ಲಿ ನಿಸ್ಸೀಮ” ಎಂದು ಮುಂದೆ ಓದಿದ. ಜನ ಗೋಡೆ ಹಿಡಿದುಕೊಂಡು ನಕ್ಕರು. ಕನ್ನಡಿಯ ಪುಟ ಬರುವ ಹೊತ್ತಿಗೆ ಗುಂಪಿನ ಹಿಂದೆ ಹೆಂಡತಿಯ ಮುಖ ಕಂಡಿತು. ಅವನು ಅಲ್ಲಿಗೇ ನಿಲ್ಲಿಸಿ, ಬಿಡಿಸಿದ ಪುಸ್ತಕಗಳನ್ನು ಎತ್ತಿಕೊಂಡು ಅವಳ ಬಳಿಗೆ ಓಡಿದ.

“ನಕ್ಕರು ಕಣೇ! ಒಬ್ಬರಲ್ಲ, ಊರಿಗೂರೇ ನಕ್ಕಿತು! ಪೆನ್ನು ಎತ್ತಿಡೋ ಮಾತು ಇನ್ನಿಲ್ಲ!”

“ಯಾವುದನ್ನ ನೋಡಿ ನಕ್ಕರು? ಪುಸ್ತಕಾನೋ, ನಿಮ್ಮನ್ನೋ?”

ಗರಿಗರಿ ಕೈಯಲ್ಲಿದ್ದ ಪುಸ್ತಕಗಳನ್ನೊಮ್ಮೆ, ತನ್ನನ್ನೊಮ್ಮೆ ನೋಡಿಕೊಂಡ.

“ನೀವು ಓದಿದರೆ ಲೆಕ್ಕಕ್ಕೆ ಬರಲ್ಲ ರೀ. ಅವರಾಗೇ, ತಮ್ಮ ಪಾಡಿಗೆ ತಾವು ಓದಬೇಕು.”

“ಹಾಗಾದರೆ ನನಗೆ ಕೊಡಿ,” ಎಂದಿತು ಪಕ್ಕದಿಂದ ಒಂದು ದನಿ. ಟಿಕೆಟ್ ತಪಾಸಣೆಯವರು! “ಗಲಾಟೆಯಲ್ಲಿ ನನಗೊಂದಕ್ಷರವೂ ಕೇಳಿಸಲಿಲ್ಲ.”

ಅವರು ಪುಸ್ತಕ ತೆಗೆದುಕೊಂಡು ಕೊಳಕ್ಕಿಳಿದು, ನೀಲಿ ಮೆಟ್ಟಿಲಿನ ಮೇಲೆ ಒಬ್ಬರೇ ಕೂತು ಓದತೊಡಗಿದರು. ಗಂಡ ಹೆಂಡತಿ ಅರ್ಧ ಮೇಜಿನ ಹಿಂದೆ ಉಸಿರು ಹಿಡಿದು ನಿಂತರು. ಬೆಕ್ಕಿನ ಪುಟ ಬಂದು ಹೋಯಿತು. ತಪಾಸಣೆಯವರ ಮುಖ ಮುಚ್ಚಿದ ಗೇಟಿನ ಹಾಗಿತ್ತು. ಅತ್ತೆ ಬಂದು ಹೋದಳು. ಗೇಟು ಅಲ್ಲಾಡಲಿಲ್ಲ.

“ನಾನು ಹೋಗಿ ಸ್ವಲ್ಪ ಹೇಳಿಕೊಡಲಾ?” ಗರಿಗರಿ ಪಿಸುಗುಟ್ಟಿದ.

ಹೆಂಡತಿ ಅವನ ತೋಳು ಚಿವುಟಿದಳು. ಅವಳ ಬೆರಳು ತಣ್ಣಗಾಗಿದ್ದವು. ಇಷ್ಟು ತಣ್ಣಗಿನ ಕೈಯನ್ನು ಅವನು ಹಿಂದೆಂದೂ ಮುಟ್ಟಿರಲಿಲ್ಲ. ಮೊದಲ ಸಲ ಅವನಿಗೂ ಭಯವಾಯಿತು. ಏನಾದರೂ ಮಾಡಬೇಕೆಂದು ಕೈ ತುರಿಸಿತು. ಮಾಡುವುದಕ್ಕೆ ಏನೂ ಇರಲಿಲ್ಲ. ಕೈಕಟ್ಟಿ ನಿಲ್ಲುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಅಂದೇ ತಿಳಿದದ್ದು.

ತಪಾಸಣೆಯವರು ಕನ್ನಡಿಯ ಪುಟಕ್ಕೆ ಬಂದರು. ಅಲ್ಲಿ ಮನೆಯಲ್ಲಿ ಒಂದು ಸುಕ್ಕೂ ಉಳಿಯದೆ ಕಂಗಾಲಾದ ಪೆಟ್ಟಿಗೆ, ಕನ್ನಡಿಯಲ್ಲಿ ತನ್ನ ಹುಬ್ಬಿನ ನಡುವೆ ಒಂದು ಗೆರೆ ಕಂಡು, ಹಿಗ್ಗಿ, ತನಗೆ ತಾನೇ ಇಸ್ತ್ರಿ ಮಾಡಿಕೊಳ್ಳಲು ಗಿರಗಿರನೆ ಸುತ್ತುತ್ತಿತ್ತು. ಅವರು ನೋಡಿದರು. ಇನ್ನಷ್ಟು ಹತ್ತಿರ ಹಿಡಿದು ನೋಡಿದರು. ಮೂಗಿನಿಂದ ಪುಸ್ಸೆಂದು ಗಾಳಿ ಬಂತು. ಭುಜ ಕುಲುಕಿತು. ಮರುಕ್ಷಣ ಗೇಟು ಹಾರಿಹೋದಂತೆ ನಗು ನುಗ್ಗಿತು! ಖಾಲಿ ಕೊಳದ ಹೆಂಚಿಗೆ ಬಡಿದು, ಮಾಡಿಗೆ ಬಡಿದು, ಆಳದ ಕಡೆ ಹೋಗಿ ತಿರುಗಿ ಬಂತು. ಜನರೆಲ್ಲ ತಲೆಯೆತ್ತಿ ನೋಡಿದರು. ಅವರು ಸಮವಸ್ತ್ರದ ಟೋಪಿ ತೆಗೆದು ಕಣ್ಣೊರೆಸಿಕೊಂಡು, ಮತ್ತೆ ಅದೇ ಪುಟ ನೋಡಿ ಮತ್ತೆ ನಕ್ಕರು.

ಹೆಂಡತಿ ನಗಲೂ ಇಲ್ಲ, ಅಳಲೂ ಇಲ್ಲ. ಮೇಜಿನ ಮೇಲಿದ್ದ ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ತಪಾಸಣೆಯವರು ಎದ್ದು ಬಂದರು. “ನಮ್ಮ ಮನೆಯಲ್ಲೂ ಒಬ್ಬ ಇದ್ದಾನಮ್ಮ. ಅವನಿಗೆ ಒಂದು ಕೊಡಿ. ಎಷ್ಟು ಚೆನ್ನಾಗಿ ಬರೆದಿದ್ದೀರಿ! ಆ ಮೀಸೆಯಂತೂ ಥೇಟ್!”

“ಅಲ್ವಾ ಮೇಡಂ!” ಗರಿಗರಿ ಹಿಗ್ಗಿದ. “ನಾನೂ ಅದನ್ನೇ ಹೇಳಿದ್ದು. ನಮ್ಮ ಎದುರಂಗಡಿಯವನನ್ನ ನೀವೂ ನೋಡಿದ್ದೀರಾ?”

“ಇಲ್ಲವಲ್ಲ. ಅವರಿಗೂ ಮೀಸೆ ಇದೆಯಾ?”

ಗರಿಗರಿ ಬಾಯಿ ತೆರೆದ. ಯೋಚಿಸಿದ. ಎದುರಂಗಡಿಯವನು ದಿನಾ ಬೆಳಗ್ಗೆ ಮುಖವನ್ನು ನುಣ್ಣಗೆ ಬೋಳಿಸಿಕೊಂಡೇ ಬಾಗಿಲು ತೆಗೆಯುತ್ತಿದ್ದ. ಹಾಗಾದರೆ...? ಗರಿಗರಿಯ ಬಲಗೈ ನಿಧಾನವಾಗಿ ಮೇಲೆದ್ದು, ತನ್ನದೇ ಮೂಗಿನ ಕೆಳಗೆ ಹೋಗಿ, ಮೇಲೆತ್ತಿದ ಒಂದು ತುದಿಯನ್ನು ಮುಟ್ಟಿತು. ಆಮೇಲೆ ಇನ್ನೊಂದು ತುದಿಯನ್ನು.

ತಪಾಸಣೆಯವರು, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನನ್ನು ನೋಡುವ ಹಾಗೆ ಅವನನ್ನು ನೋಡಿ, ತಲೆಯಾಡಿಸಿ ಹೊರಟುಹೋದರು.

ಅವನು ಕುರ್ಚಿಯಲ್ಲಿ ಕುಸಿದ. ಮೇಜಿನ ಮುಂದೆ ಜನ ಸೇರುತ್ತಿದ್ದರು. ಹೆಂಡತಿ ಪುಸ್ತಕಗಳಿಗೆ ಸಹಿ ಹಾಕುತ್ತಿದ್ದಳು. ಜನ ಕರಗಿದ ಮೇಲೆ ಅವನು ಸಣ್ಣ ದನಿಯಲ್ಲಿ ಕೇಳಿದ.

“ಕೊನೇಲಿ ಅವನಿಗೆ ಏನಾಗುತ್ತೆ?”

“ಯಾಕೆ, ಓದಲಿಲ್ವಾ?”

“ಎದುರಂಗಡಿಯವನಿಗೆ ಏನಾದರೆ ನನಗೇನು ಅಂತ ಬಿಟ್ಟೆ.”

“ಕೊನೇಲಿ ಯಾರೋ ಅವನ ಸ್ವಿಚ್ ಆರಿಸ್ತಾರೆ. ಅವನು ಸುಮ್ಮನೆ ಕೂತು ತಣ್ಣಗಾಗ್ತಾನೆ. ಆಗ ಅವನ ಹೆಂಡತಿ ಬಂದು ಪಕ್ಕದಲ್ಲಿ ಒರಗಿ ಕೂತ್ಕೋತಾಳೆ. ಅಷ್ಟು ಹೊತ್ತು ಬಿಸಿ ಇತ್ತಲ್ಲ, ಹತ್ತಿರ ಬರೋಕೆ ಆಗ್ತಿರಲಿಲ್ಲ.”

“ಸ್ವಿಚ್ ಆರಿಸೋರು ಯಾರು?”

“ಅದೊಂದು ಮಾತ್ರ ನನಗೆ ಹೊಳೆದಿರಲಿಲ್ಲ. ಅದಕ್ಕೆ ಬರೀ ಒಂದು ಕೈ ಬರೆದಿದ್ದೆ.” ಹೆಂಡತಿ ಕುರ್ಚಿ ಎಳೆದುಕೊಂಡು ಅವನ ಭುಜಕ್ಕೆ ಒರಗಿ ಕೂತಳು. “ಮುಂದಿನ ಸಲ ಆ ಕೈಗೆ ಸಮವಸ್ತ್ರದ ತೋಳು ಬರೀತೀನಿ.”